ನಮ್ಮ ಬೋರ್‌ವೆಲ್ ಮೋಟ್ರನ್ನ ಡಿಸೈನ್ ಮಾಡಿದ್ದು ಯಾರು?

ಹೋದ ಬೇಸಿಗೇಲಿ ನಮ್ಮ ತೋಟದ ಬೋರ್‌ವೆಲ್ ಮೋಟ್ರು ಎರಡು ತಿಂಗಳೊಳಗೆ ಎರಡು ಸಲ ಸುಟ್ಟೋಯ್ತು. ಸಬ್‌ಮರ್ಸಿಬಲ್, ಅಂದ್ರೆ ಬೋರೊಳಗೆ ನೀರಲ್ಲೇ ಮುಳುಗಿರೋ ಮೋಟ್ರು, ಸುಟ್ಟಿದ್ದು ಮೇಲೆ ನಿಂತವ್ರಿಗೆ ಕಾಣಲ್ಲ, ಸ್ಟಾರ್ಟರ್ ಒತ್ತಿದ ತಕ್ಷಣ ಆಂಪ್ಸ್ ಮುಳ್ಳು ಒಂದೇ ಏಟಿಗೆ ಬಲಗಡೆ ತುದಿಗೆ ಹೋಗಿ ಟ್ರಿಪ್ ಆಗುತ್ತೆ, ಅಷ್ಟೇ ಸುಳಿವು. ಆಮೇಲೆ ಮೋಟ್ರು ಎತ್ತೋ ಗಾಡಿಯೋರಿಗೆ ಫೋನು, ಅವ್ರು ಮೂರು ದಿನ ಬಿಟ್ಟು ಬರೋದು, ಪೈಪ್ ಒಂದೊಂದೇ ಬಿಚ್ಚಿ ಮೇಲೆತ್ತೋದು, ಅದನ್ನ ಗೂಡ್ಸ್ ಆಟೋಗೆ ಹಾಕ್ಕೊಂಡು ಮಂಡ್ಯಕ್ಕೆ ತಗೊಂಡೋಗಿ, ಸುಟ್ಟ ಮೋಟ್ರಿಗೆ ಹೊಸ ತಂತಿ ಸುತ್ತಿ ಕೊಡೋ ವೈಂಡಿಂಗ್ ಅಂಗಡಿ ಮುಂದೆ ಇಳಿಸೋದು. ಅಷ್ಟೊತ್ತಿಗೆ ಟೊಮೇಟೊ ಗಿಡ ತಲೆ ಬಗ್ಗಿಸಿರುತ್ತೆ.

ಎರಡನೇ ಸಲ ಹೋದಾಗ ಅಂಗಡಿ ಮುಂದೆ ಹನ್ನೊಂದು ಮೋಟ್ರು ಮಲಗಿದ್ವು, ಒಂದೊಂದಕ್ಕೂ ರಟ್ಟಿನ ಚೂರಲ್ಲಿ ಊರಿನ ಹೆಸರು ಬರ್ದು ದಾರ ಕಟ್ಟಿತ್ತು. ಅಂಗಡಿಯವ್ರು ನಮ್ಮದನ್ನ ಬಿಚ್ಚಿ ಒಳಗಿನ ಸುರುಳಿ ತೋರ್ಸಿದ್ರು, ಸುಟ್ಟ ಪ್ಲಾಸ್ಟಿಕ್ ವಾಸನೆ ಮೂಗಿಗೆ ಹೊಡೀತು. "ನೋಡಣ್ಣ, ಈ ಎರಡು ಸುರುಳಿ ಕರ್ರಗಾಗವೆ, ಇದೊಂದು ಹಂಗೇ ಐತೆ. ಒಂದು ಫೇಸ್ ಹೋಗೈತೆ, ಮೋಟ್ರು ನಿಲ್ದೆ ಓಡ್ತಾನೇ ಇದ್ದದೆ." ಅಂದ್ರೆ ಮೋಟ್ರಿಗೆ ಮೂರು ತಂತೀಲಿ ಬರೋ ಕರೆಂಟಲ್ಲಿ ಒಂದು ತಂತೀದು ನಿಂತೋಗಿತ್ತು. ಆಮೇಲೆ ಒಂದು ಪ್ರಶ್ನೆ ಕೇಳಿದ್ರು, ಅದು ಇವತ್ತಿನವರೆಗೂ ನನ್ನ ತಲೆಯಿಂದ ಹೋಗಿಲ್ಲ. "ಕಂಪ್ನಿ ಲೆಕ್ಕದಂಗೆ ಸುತ್ತಲಾ, ಇಲ್ಲ ಸುತ್ತು ಕಮ್ಮಿ ಮಾಡಿ ದಪ್ಪ ತಂತಿ ಹಾಕ್ಲಾ? ದಪ್ಪ ತಂತಿ ಹಾಕುದ್ರೆ ಕರೆಂಟ್ ಜಾಸ್ತಿ ಎಳೀತದೆ, ಆದ್ರೆ ಲೋ ವೋಲ್ಟೇಜ್ ತಡ್ಕತದೆ. ಬಿಲ್ಲಂತೂ ಬರಕಿಲ್ವಲ್ಲ."

ನಮ್ಮಪ್ಪ ಒಂದು ಕ್ಷಣಾನೂ ಯೋಚ್ನೆ ಮಾಡ್ಲಿಲ್ಲ, ದಪ್ಪ ತಂತೀನೇ ಹಾಕಪ್ಪ ಅಂದ್ರು. ಅವ್ರ ಜಾಗದಲ್ಲಿ ಯಾರಿದ್ರೂ ಅದನ್ನೇ ಹೇಳ್ತಿದ್ರು, ನಾನೂ ಹೇಳ್ತಿದ್ದೆ.

ಈಗ ಯೋಚ್ನೆ ಮಾಡಿ. ಕೊಯಮತ್ತೂರಲ್ಲೋ ಇನ್ನೆಲ್ಲೋ ಇಂಜಿನಿಯರ್‌ಗಳು ಕೂತು ಇಷ್ಟು ಸುತ್ತು, ತಂತಿ ಇಷ್ಟು ದಪ್ಪ, ಇಷ್ಟು ಎಫಿಶಿಯೆನ್ಸಿ ಅಂತ ಲೆಕ್ಕ ಹಾಕಿ ಒಂದು ಮೋಟ್ರು ಮಾಡಿರ್ತಾರೆ. ಅದು ಮಂಡ್ಯದ ಒಂದು ಶೀಟಿನ ಅಂಗಡೀಲಿ ಬೇರೇನೇ ಯಂತ್ರ ಆಗಿ ಹೊರಗೆ ಬರುತ್ತೆ, ಜಾಸ್ತಿ ಕರೆಂಟ್ ಕುಡಿಯೋ ಆದ್ರೆ ಸಾಯದೇ ಇರೋ ಯಂತ್ರ. ಇದನ್ನ ಮಾಡಿದ್ದು ವೈಂಡಿಂಗ್ ಅಂಗಡಿಯವ್ರು ಅಂತೀರಾ, ನಮ್ಮಪ್ಪ ಅಂತೀರಾ? ನನ್ನ ಪ್ರಕಾರ ಇದನ್ನ ಮಾಡಿದ್ದು ಕರೆಂಟ್ ಯಾವ ದರಕ್ಕೆ, ಎಷ್ಟು ಗಂಟೆ, ಯಾವ ಹೊತ್ತಲ್ಲಿ ಕೊಡ್ಬೇಕು ಅಂತ ಬರ್ದಿರೋ ಸರ್ಕಾರಿ ಆದೇಶ. ಪಾಲಿಸಿ ಅಂದ್ರೆ ವಿಧಾನಸೌಧದಲ್ಲಿರೋ ಕಾಗದ, ಟೆಕ್ನಾಲಜಿ ಅಂದ್ರೆ ಲ್ಯಾಬಲ್ಲಿ ಹುಟ್ಟೋದು ಅಂತ ಎರಡನ್ನೂ ಬೇರೆ ಬೇರೆ ಇಟ್ಟು ನೋಡೋ ಅಭ್ಯಾಸ ನಮಗೆ, ಆದ್ರೆ ನಮ್ಮ ಕಡೆ ತೋಟದಲ್ಲಿ ನಿಂತು ನೋಡಿದ್ರೆ ಒಂದು ಇನ್ನೊಂದರೊಳಗೆ ತಾಮ್ರದ ತಂತಿ ಥರ ಸುತ್ಕೊಂಡಿರೋದು ಕಾಣುತ್ತೆ.

ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ರಾಜ್ಯದ ಕರೆಂಟಿನ ಕಥೆ ಶುರುವಾಗೋದೇ ನಮ್ಮ ಜಿಲ್ಲೇಲಿ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ, ಈಗಲೂ ಜನ ಬ್ಲಫ್ ಅಂತಾನೇ ಕರೆಯೋ ಜಾಗದಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೆಲಸ ಶುರುವಾಗಿ 1902ರಲ್ಲಿ ಕರೆಂಟ್ ಹರೀತು. ಹರಿದಿದ್ದು ಎಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನ್‌ಗಳಲ್ಲಿ ಒಂದು. ಅಷ್ಟು ದೊಡ್ಡ ಸಾಹಸಕ್ಕೆ ಮೈಸೂರು ಸಂಸ್ಥಾನ ಕೈ ಹಾಕಿದ್ದೇ ಗಣಿ ಕಂಪನಿ ಕರೆಂಟ್ ಕೊಳ್ಳೋಕೆ ಒಪ್ಪಿದ್ದರಿಂದ, ಹಾಗಾಗಿ ಯಂತ್ರಾನೂ ಗಣಿಗೆ ತಕ್ಕಂಗೆ ಬಂತು. ಆಗ ಅಲ್ಲಿ ಹುಟ್ತಿದ್ದಿದ್ದು 25 ಸೈಕಲ್‌ನ, ಅಂದ್ರೆ ಸೆಕೆಂಡಿಗೆ 25 ಸಲ ಏರಿಳಿಯೋ ಕರೆಂಟು, ಈಗ ನಮ್ಮ ಮನೇಲಿರೋದು 50. ಕಮ್ಮಿ ಸೈಕಲ್ ಕರೆಂಟು ದೊಡ್ಡ ಮೋಟ್ರುಗಳಿಗೆ, ಉದ್ದದ ಲೈನಿಗೆ ಒಗ್ಗುತ್ತೆ, ಬಲ್ಬಿಗೆ ಹಾಕಿದ್ರೆ ಕಣ್ಣಿಗೆ ಮಿಣುಕು ಬಡಿಯುತ್ತೆ. ಬೆಂಗಳೂರಿಗೆ ಬೆಳಕು ಬಂದಿದ್ದು 1905ಕ್ಕೆ, ಮೈಸೂರಿಗೆ 1908ಕ್ಕೆ. ಆ ಲೈನಿನ ಕೆಳಗಿದ್ದ ಮಳವಳ್ಳಿ ಕಡೆ ಹಳ್ಳಿಗಳು ಬುಡ್ಡಿ ದೀಪದಲ್ಲೇ ದಶಕಗಟ್ಟಲೆ ಕಾದ್ವು, ತಲೆ ಮೇಲೆ ಕರೆಂಟ್ ಹೋಗ್ತಿದ್ರೂ.

ಕೆಆರ್‌ಎಸ್ ಕಥೇಲೂ ಇದೇ ಎಳೆ ಇದೆ. ನಾವು ಅದನ್ನ ಭತ್ತ ಕಬ್ಬಿನ ಕಟ್ಟೆ ಅಂತ ನೋಡ್ತೀವಿ, 1911ರಲ್ಲಿ ಕೆಲಸ ಶುರುವಾಗೋ ಹೊತ್ತಲ್ಲಿ ವಿಶ್ವೇಶ್ವರಯ್ಯನವ್ರು ಮುಂದಿಟ್ಟ ವಾದದಲ್ಲಿ ಬೇಸಿಗೇಲೂ ಗಣಿಗೆ ಕರೆಂಟ್ ಕಮ್ಮಿ ಆಗಬಾರದು ಅನ್ನೋದೂ ದೊಡ್ಡ ಕಾರಣ ಆಗಿತ್ತು. ನಾಲೆ ಬಂತು, ಮಂಡ್ಯಕ್ಕೆ 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೇನೇ ಆಯ್ತು. ನಾಲೆ ನೀರು ಸಿಕ್ಕ ಊರು ಒಂದು ಥರ, ಸಿಗದ ಊರು ಇನ್ನೊಂದು ಥರ. ನಾಗಮಂಗಲದ ಬಹುಪಾಲು, ಕೆ.ಆರ್.ಪೇಟೆ, ಮದ್ದೂರು, ಮಳವಳ್ಳಿಯ ಎತ್ತರದ ಭಾಗ ಎಲ್ಲ ಎರಡನೇ ಗುಂಪಿಗೆ ಸೇರಿದ್ದು, ನಮ್ಮೂರೂ ಅದೇ. ಮಂಡ್ಯ ಜಿಲ್ಲೆ ಅಂದ ತಕ್ಷಣ ಹಸಿರು ಗದ್ದೆ ಅನ್ಕೊಳ್ಳೋರು ಒಂದ್ಸಲ ನಾಗಮಂಗಲ ಕಡೆ ಮೇ ತಿಂಗಳಲ್ಲಿ ಬಂದು ನೋಡ್ಬೇಕು. ನಮಗೆ ನೀರು ಅಂದ್ರೆ ಬೋರು, ಬೋರು ಅಂದ್ರೆ ಕರೆಂಟು.

ಪಂಪ್‌ಸೆಟ್‌ಗೂ ಹಿಂದೆ ಮೀಟರ್ ಇತ್ತು ಅಂದ್ರೆ ಈಗಿನ ಹುಡುಗ್ರು ನಂಬಲ್ಲ. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಬಂದ ಮೇಲೆ ದೇಶದ ತುಂಬ ತೋಟಗಳಿಗೆ ಲೈನ್ ಎಳೆದ್ರು, ಆಮೇಲೆ ಹೊಲಹೊಲಕ್ಕೂ ಹೋಗಿ ಮೀಟರ್ ಓದೋದೇ ವಿದ್ಯುತ್ ಬೋರ್ಡ್‌ಗಳಿಗೆ ಖರ್ಚಿನ ಬಾಬತ್ತಾಯ್ತು, ಎಂಬತ್ತರ ದಶಕದ ಹೊತ್ತಿಗೆ ಬಹಳಷ್ಟು ರಾಜ್ಯಗಳು ಮೀಟರ್ ಬಿಟ್ಟು ಇಷ್ಟು ಎಚ್‌ಪಿಗೆ ವರ್ಷಕ್ಕೆ ಇಷ್ಟು ಅಂತ ಮಾಡಿದ್ವು. ನೋಡೋಕೆ ಇದು ಆಫೀಸಿನ ಅನುಕೂಲಕ್ಕೆ ಮಾಡ್ಕೊಂಡ ಸಣ್ಣ ಬದಲಾವಣೆ. ಆದ್ರೆ ಅವತ್ತೇ ರೈತನ ಕಣ್ಣಿಂದ ಯೂನಿಟ್ ಅನ್ನೋದು ಮಾಯ ಆಯ್ತು. ಕರ್ನಾಟಕದಲ್ಲಿ 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಪೂರ್ತಿ ಉಚಿತ. ಇವತ್ತು ರಾಜ್ಯದಲ್ಲಿ 30 ಲಕ್ಷಕ್ಕೂ ಮೀರಿ ಪಂಪ್‌ಸೆಟ್ ಇವೆ, ರಾಜ್ಯದ ಕರೆಂಟಲ್ಲಿ ಹತ್ರಹತ್ರ ಮೂರನೇ ಒಂದು ಪಾಲು ಅಲ್ಲಿಗೇ ಹೋಗುತ್ತೆ, ಸರ್ಕಾರ ಅದಕ್ಕೆ ಕಟ್ಟೋ ಸಬ್ಸಿಡಿ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಮೇಲೆ.

ಇಲ್ಲಿಗೆ ಬಂದ ತಕ್ಷಣ ಪೇಟೆ ಜನ ಹೇಳೋದು ಒಂದೇ, ಫ್ರೀ ಕೊಟ್ಟಿದ್ದಕ್ಕೆ ರೈತರು ಹಾಳು ಮಾಡ್ತಾರೆ. ನಾನು ಮೈಸೂರಲ್ಲಿ ಕೆಲ್ಸ ಮಾಡೋನು, ಕ್ಯಾಂಟೀನಲ್ಲಿ ಈ ಮಾತು ಕೇಳಿ ಕೇಳಿ ಬೇಜಾರಾಗಿದೆ. ಅರ್ಧ ಸತ್ಯ ಇದು. ಬೆಲೆ ಸೊನ್ನೆ ಅನ್ನೋದು ಒಂದು ನಿಯಮ. ಇನ್ನೊಂದು ನಿಯಮ ಇದೆ, ಅದರ ಬಗ್ಗೆ ಪೇಟೇಲಿ ಯಾರೂ ಮಾತಾಡಲ್ಲ, ಯಾಕಂದ್ರೆ ಅವ್ರಿಗೆ ಅದು ಗೊತ್ತೇ ಇಲ್ಲ: ತೋಟಕ್ಕೆ ತ್ರೀಫೇಸ್ ಕರೆಂಟ್ ಬರೋದು ದಿನಕ್ಕೆ 7 ಗಂಟೆ ಮಾತ್ರ, ಅದೂ ಒಂದೇ ಸಲ ಅಲ್ಲ, ಪಾಳಿ ಮೇಲೆ, ಸ್ವಲ್ಪ ಹಗಲು ಸ್ವಲ್ಪ ರಾತ್ರಿ, ವಾರಕ್ಕೊಂದು ಸಲ ಟೈಮ್ ಬದಲಾಗುತ್ತೆ, ಮಧ್ಯೆ ಲೈನ್ ಕೆಲ್ಸ ಅಂತ ಹೋಗುತ್ತೆ. 2023ರ ಬರದಲ್ಲಂತೂ ಅದು 5 ಗಂಟೆಗೆ ಇಳೀತು, ರೈತರು ಬೀದಿಗಿಳಿದ ಮೇಲೆ ಮತ್ತೆ 7 ಆಯ್ತು. ಇವೆರಡು ನಿಯಮ ಸೇರಿದಾಗ ಏನಾಗುತ್ತೆ ಅನ್ನೋದೇ ನನ್ನ ಇಡೀ ವಾದ.

ಕರೆಂಟ್ ಯಾವಾಗ ಬರುತ್ತೋ ಗೊತ್ತಿಲ್ಲ ಅಂದ್ರೆ ನೀವೇನು ಮಾಡ್ತೀರಾ? ಬಂದಾಗ ತಾನೇ ಆನ್ ಆಗ್ಲಿ ಅಂತ ಆಟೋ ಸ್ಟಾರ್ಟರ್ ಹಾಕ್ತೀರಾ. ನಮ್ಮ ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, ಕೆಳಗೆ ಇರೋ ಎಲ್ಲಾ ಮೋಟ್ರಿಗೂ ಅದು ಇದೆ. ರಾತ್ರಿ ಎರಡು ಗಂಟೆಗೆ ತ್ರೀಫೇಸ್ ಬಂತು ಅನ್ಕೊಳ್ಳಿ, ಅದೇ ಸೆಕೆಂಡಲ್ಲಿ ಅಷ್ಟೂ ಮೋಟ್ರು ಒಟ್ಟಿಗೆ ಎದ್ದು ನಿಲ್ಲುತ್ವೆ. ಇಂಡಕ್ಷನ್ ಮೋಟ್ರು ಸ್ಟಾರ್ಟ್ ಆಗೋವಾಗ ಮಾಮೂಲಿ ಓಡೋದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಲೆಕ್ಕ ಹಾಕಿ ನೋಡಿ, 5 ಎಚ್‌ಪಿ ಮೋಟ್ರು ಓಡ್ತಿರೋವಾಗ್ಲೇ ಸುಮಾರು 5ರಿಂದ 6 ಕೆವಿಎ (ಕರೆಂಟಿನ ಹೊರೆ ಅಳೆಯೋ ಲೆಕ್ಕ) ಬೇಕು, ಹಂಗಾಗಿ 63 ಕೆವಿಎ ಟಿಸಿ ಹತ್ತು ಹನ್ನೊಂದು ಮೋಟ್ರು ತಡೀಬಹುದು. ನಮ್ಮ ಟಿಸಿ ಕೆಳಗೆ ಹದಿನೇಳು ಇವೆ. ಲೆಕ್ಕದಲ್ಲಿ ಇರೋದು ಇನ್ನೂ ಕಮ್ಮಿ, ಉಳಿದವು ಅನುಮತಿ ಇಲ್ದೆ ಹಾಕ್ಕೊಂಡ ಕನೆಕ್ಷನ್ನನ್ನ ಸಕ್ರಮ ಮಾಡ್ಕೊಡಿ ಅಂತ ಅಕ್ರಮ ಸಕ್ರಮದ ಅರ್ಜಿ ಹಾಕ್ಕೊಂಡು ಕಾಯ್ತಾ ಇರೋವು. ಎಲ್ಲ ಒಂದೇ ಸಲ ಎದ್ದಾಗ ವೋಲ್ಟೇಜ್ ನೆಲ ಹಿಡಿಯುತ್ತೆ, ಮೋಟ್ರು ತಿರುಗೋಕೆ ಆಗ್ದೆ ಗುಂಯ್ ಅಂತ ನಿಂತು ಬಿಸಿಯಾಗುತ್ತೆ, ಟಿಸಿ ಫ್ಯೂಸ್ ಹೋಗುತ್ತೆ, ಒಂದು ಫೇಸ್ ಹೋದ್ರೆ ಉಳಿದ ಎರಡು ಫೇಸಲ್ಲಿ ಮೋಟ್ರು ಎಳ್ಕೊಂಡು ಓಡ್ತಾ ಓಡ್ತಾ ಸುಟ್ಟೋಗುತ್ತೆ. ನಮ್ಮ ಎರಡು ಕರ್ರಗಾದ ಸುರುಳಿ ಬಂದಿದ್ದು ಹೀಗೆ.

ಸರಿ, ಹಾಗಾದ್ರೆ ಆಟೋ ಸ್ಟಾರ್ಟರ್ ತೆಗೀರಿ ಅಂತೀರಾ. ನಾನೊಬ್ನೇ ತೆಗೆದ್ರೆ ಪಕ್ಕದವ್ರ ಮೋಟ್ರು ರಾತ್ರಿ ಎರಡಕ್ಕೇ ಓಡುತ್ತೆ, ನಾನು ಎದ್ದು ಹೋಗಿ ಹಾಕೋ ಹೊತ್ತಿಗೆ ವೋಲ್ಟೇಜೂ ಕಮ್ಮಿ, ಬೋರಲ್ಲಿ ನೀರೂ ಕಮ್ಮಿ. ನೆಲದೊಳಗಿನ ನೀರು ಎಲ್ಲರಿಗೂ ಒಂದೇ, ಮೊದ್ಲು ಎಳೆದವ್ನಿಗೆ ಸಿಗುತ್ತೆ. ಎಲ್ಲರೂ ತೆಗೆದ್ರೆ ಎಲ್ಲರಿಗೂ ಒಳ್ಳೇದು ಅಂತ ಎಲ್ಲರಿಗೂ ಗೊತ್ತು, ಮೊದ್ಲು ತೆಗೆಯೋನು ಯಾರು? ಮೋಟ್ರು ಉಳಿಸೋಕೆ ಅಂತಾನೇ ಪ್ರಿವೆಂಟರ್ ಅನ್ನೋ ಸಾಮಾನು ಬರುತ್ತೆ, ಒಂದು ಫೇಸ್ ಹೋದ್ರೆ ತಾನೇ ಮೋಟ್ರು ಆಫ್ ಮಾಡುತ್ತೆ. ನಮ್ಮ ಕಡೆ ಅರ್ಧ ಬಾಕ್ಸ್‌ಗಳಲ್ಲಿ ಅದಕ್ಕೆ ಬೈಪಾಸ್ ತಂತಿ ಕೊಟ್ಟಿರ್ತಾರೆ, ಯಾಕಂದ್ರೆ ರಾತ್ರಿ ಮನೆಗಳಿಗೆ ಅಂತ ಬಿಡೋ ಸಿಂಗಲ್ ಫೇಸಲ್ಲೂ ಕೆಪಾಸಿಟರ್ ಹಾಕಿ ಮೋಟ್ರು ಓಡ್ಸೋರು ಇದ್ದಾರೆ. ತಪ್ಪು ಹೌದು. ಆದ್ರೆ ಅವ್ರ ಬದನೆ ಗಿಡ ಒಣಗ್ತಿರುತ್ತೆ, ಕರೆಂಟಿನ ಪಾಳಿ ಇನ್ನೂ ಎಂಟು ಗಂಟೆ ದೂರ ಇರುತ್ತೆ.

ಇಲ್ಲಿ ಗಮನಿಸಿ, ಇದರಲ್ಲಿ ಎಷ್ಟೊಂದು ಇನ್ನೋವೇಶನ್ ಇದೆ. ಆಟೋ ಸ್ಟಾರ್ಟರ್, ಬೈಪಾಸ್, ಕೆಪಾಸಿಟರ್ ಬಾಕ್ಸ್, ದಪ್ಪ ತಂತಿ ವೈಂಡಿಂಗು, ಇತ್ತೀಚೆಗೆ ಮೊಬೈಲ್ ಸ್ಟಾರ್ಟರ್. ಅದಕ್ಕೊಂದು ಸಿಮ್ ಹಾಕಿದ್ರೆ ಸಾಕು, ಮನೇಲಿ ಮಲಗಿದ್ದಲ್ಲೇ ಫೋನ್ ಮಾಡಿ ಮೋಟ್ರು ಆನ್ ಮಾಡ್ಬಹುದು, ತ್ರೀಫೇಸ್ ಬಂದಿದೆಯಾ ಇಲ್ವಾ ಅಂತ ಅದೇ ಕನ್ನಡದಲ್ಲಿ ಹೇಳುತ್ತೆ. ನಮ್ಮ ಜನಕ್ಕೆ ಟೆಕ್ನಾಲಜಿ ಬರಲ್ಲ, ಹೊಸದನ್ನ ಒಪ್ಪಲ್ಲ ಅನ್ನೋರು ಒಂದು ಪಂಪ್‌ಸೆಟ್ ಬಾಕ್ಸ್ ತೆಗೆದು ನೋಡ್ಲಿ. ಅಷ್ಟೂ ಬುದ್ಧಿ ಖರ್ಚಾಗ್ತಿರೋದು ಕಮ್ಮಿ ಕರೆಂಟಲ್ಲಿ ಜಾಸ್ತಿ ನೀರು ತೆಗೆಯೋದಕ್ಕಲ್ಲ, ಯಾವಾಗ್ಲೋ ಬರೋ ಕರೆಂಟನ್ನ ಹಿಡ್ಕೊಳ್ಳೋದಕ್ಕೆ. ಯಾವ ಕಡೆಗೆ ಬುದ್ಧಿ ಓಡ್ಬೇಕು ಅನ್ನೋದನ್ನ ಪಾಳಿ ಪಟ್ಟಿ ತೀರ್ಮಾನ ಮಾಡಿದೆ.

ದುಡ್ಡಿನ ಲೆಕ್ಕ ಹೇಳ್ತೀನಿ. 5 ಎಚ್‌ಪಿ ಮೋಟ್ರು 7 ಗಂಟೆ ಓಡಿದ್ರೆ ಹೆಚ್ಚುಕಮ್ಮಿ 32 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಕೊಂಡ್ರೆ ದಿನಕ್ಕೆ 225 ರೂಪಾಯಿ, ವರ್ಷಕ್ಕೆ 200 ದಿನ ಓಡ್ಸಿದ್ರೆ 45 ಸಾವಿರ. ಅಷ್ಟು ದುಡ್ಡನ್ನ ಸರ್ಕಾರ ನಮ್ಮ ಒಂದು ಮೋಟ್ರಿಗೆ ಕಟ್ತಾ ಇರುತ್ತೆ, ನಮಗೆ ಅದು ಕಾಣಲ್ಲ. ನಮಗೆ ಕಾಣೋದು ಏನಪ್ಪಾ ಅಂದ್ರೆ ಮೋಟ್ರು ಎತ್ತೋದು, ವೈಂಡಿಂಗು, ಇಳಿಸೋದು ಸೇರಿ ಸಲಕ್ಕೆ 11 ಸಾವಿರ, ಹೋದ ಬೇಸಿಗೇಲಿ 22 ಸಾವಿರ, ಒಣಗಿದ ಟೊಮೇಟೊ ಬೇರೆ. ಈಗ ಒಳ್ಳೇ ಸ್ಟಾರ್ ರೇಟಿಂಗ್ ಪಂಪ್ ಹಾಕಿ ಕಾಲು ಭಾಗ ಕರೆಂಟ್ ಉಳಿಸಿದ್ವಿ ಅನ್ಕೊಳ್ಳಿ, ಉಳಿಯೋ 11 ಸಾವಿರ ಹೋಗೋದು ಸರ್ಕಾರಕ್ಕೆ, ಹೊಸ ಪಂಪಿನ ದುಡ್ಡು ಕೊಡೋದು ನಾವು, ಅದೇ ಲೋ ವೋಲ್ಟೇಜಿಗೆ ಅದು ಬೇಗ ಸುಟ್ರೆ ನಷ್ಟನೂ ನಮ್ಮದೇ. ಯಾವ ರೈತ ತಗೋತಾನೆ? ಉಳಿತಾಯ ಮಾಡೋನೊಬ್ಬ, ಅದರ ಲಾಭ ತಗೊಳ್ಳೋನೊಬ್ಬ ಅಂತಾದ್ರೆ ಎಂಥಾ ಒಳ್ಳೇ ಪಂಪ್ ಕಂಡುಹಿಡಿದ್ರೂ ಅಂಗಡೀಲೇ ಧೂಳು ಹಿಡಿಯುತ್ತೆ. ಜಾಗೃತಿ ಶಿಬಿರ ಮಾಡಿ, ಪಾಂಪ್ಲೆಟ್ ಹಂಚಿ ಇದನ್ನ ಬದಲಾಯಿಸೋಕೆ ಆಗಲ್ಲ.

ಇನ್ನೊಂದು ಕೆಟ್ಟ ಪರಿಣಾಮ ಆಫೀಸಿನ ಕಡೆದು. ಪಂಪ್‌ಸೆಟ್‌ಗೆ ಮೀಟರ್ ಇಲ್ಲ ಅಂದ್ರೆ ಎಷ್ಟು ಯೂನಿಟ್ ತೋಟಕ್ಕೆ ಹೋಯ್ತು ಅನ್ನೋದು ಅಂದಾಜು. ಲೈನಲ್ಲಿ ಸೋರಿದ್ದು, ಕದ್ದಿದ್ದು, ಹಳೇ ತಂತೀಲಿ ಬಿಸಿಯಾಗಿ ಹೋಗಿದ್ದು, ಎಲ್ಲಾನೂ ರೈತನ ಲೆಕ್ಕಕ್ಕೆ ಬರೆಯೋಕೆ ಜಾಗ ಇರುತ್ತೆ. ಹಾಗಾಗಿ ಸಬ್ಸಿಡಿ ಇಷ್ಟು ಕೋಟಿ ಅಂತ ಪೇಪರಲ್ಲಿ ಬಂದಾಗ ಅದರಲ್ಲಿ ಎಷ್ಟು ನಿಜವಾಗ್ಲೂ ನೀರೆತ್ತಿದ್ದು, ಎಷ್ಟು ಲೈನ್ ಲಾಸು ಅಂತ ಬಿಡಿಸಿ ನೋಡೋದು ಕಷ್ಟ. ಬೈಸ್ಕೊಳ್ಳೋದು ಮಾತ್ರ ರೈತ.

ರಾತ್ರಿ ಪಾಳಿ ಬಗ್ಗೆ ಹೇಳ್ದೆ ಹೋದ್ರೆ ಈ ಬರಹಕ್ಕೆ ಅರ್ಥ ಇಲ್ಲ. ಮೊಬೈಲ್ ಸ್ಟಾರ್ಟರ್ ಮೋಟ್ರು ಹಾಕುತ್ತೆ ಸರಿ, ನೀರು ಕಟ್ಟೋದು ಯಾರು? ಒಂದು ಸಾಲು ತುಂಬಿದ ಮೇಲೆ ಮಡೆ ಮುರಿದು ಇನ್ನೊಂದು ಸಾಲಿಗೆ ತಿರುಗಿಸೋಕೆ ಆಳು ಬೇಕೇ ಬೇಕು. ನಮ್ಮಪ್ಪಂಗೆ ಅರವತ್ತಾರು, ರಾತ್ರಿ ಒಂದೂವರೆಗೆ ಎದ್ದು ತಲೆಗೆ ಟವೆಲ್ ಸುತ್ಕೊಂಡು, ಒಂದು ಕೈಲಿ ಟಾರ್ಚು ಇನ್ನೊಂದು ಕೈಲಿ ಗುದ್ದಲಿ ಹಿಡ್ಕೊಂಡು ಹೋಗ್ತಾರೆ. ಹೋಗೋವಾಗ ಗುದ್ದಲೀನ ಕಲ್ಲಿಗೆ ತಟ್ಟಿ ತಟ್ಟಿ ಸದ್ದು ಮಾಡ್ತಾರೆ, ಹಾವು ಸರಿದು ಹೋಗ್ಲಿ ಅಂತ. ಈಗ ನಾಲ್ಕೈದು ವರ್ಷದಿಂದ ಚಿರತೆ ಭಯ ಬೇರೆ, ಮಂಡ್ಯ ಜಿಲ್ಲೇಲಿ ಕಬ್ಬಿನ ಗದ್ದೆಲೇ ಅವು ಮರಿ ಹಾಕ್ತವೆ, ಮಳವಳ್ಳಿ ಕಡೆ ಮುತ್ತತ್ತಿ ಕಾಡಿಂದ ಆನೆ ಬರ್ತವೆ. ಅಮ್ಮ ಅಪ್ಪ ವಾಪಸ್ ಬರೋವರೆಗೂ ಮಲಗಲ್ಲ, ಜಗಲಿ ಮೇಲೆ ಕೂತು ತೋಟದ ಕಡೆ ಟಾರ್ಚ್ ಬೆಳಕು ಆಡ್ತಿದೆಯಾ ಅಂತ ನೋಡ್ತಾ ಇರ್ತಾರೆ. ಗಂಡಸರಿಲ್ಲದ ಮನೆಯೋರು ಏನು ಮಾಡ್ಬೇಕು? ನಮ್ಮೂರಲ್ಲೇ ಗಂಡ ತೀರ್ಕೊಂಡ ಒಬ್ರು ತಾಯಿ ರಾತ್ರಿ ನೀರು ಕಟ್ಟೋಕೆ ಆಗಲ್ಲ ಅಂತಾನೇ ತೋಟಾನ ಗುತ್ತಿಗೆಗೆ ಕೊಟ್ಬಿಟ್ರು. ಊರಿನ ಹುಡುಗ್ರು ಬೆಂಗಳೂರಿಗೆ ಹೋಗೋಕೆ ನೂರು ಕಾರಣ ಇರ್ಬಹುದು, ಅದರಲ್ಲಿ ಒಂದು ಈ ರಾತ್ರಿ ಎರಡು ಗಂಟೆ. ಗ್ರಿಡ್ ಮೇಲೆ ಹಗಲು ಲೋಡ್ ಜಾಸ್ತಿ, ರಾತ್ರಿ ಕಮ್ಮಿ, ಆದ್ದರಿಂದ ತೋಟಕ್ಕೆ ರಾತ್ರಿ ಕೊಡೋಣ ಅನ್ನೋದು ಕಂಟ್ರೋಲ್ ರೂಮಲ್ಲಿ ಕೂತವ್ರಿಗೆ ಸರಿಯಾದ ಲೆಕ್ಕಾನೇ. ಆ ಲೆಕ್ಕದ ಪುಸ್ತಕದಲ್ಲಿ ನಮ್ಮಮ್ಮನ ನಿದ್ದೆಗೆ ಕಾಲಂ ಇಲ್ಲ.

ಬೇರೆ ಕಡೆ ಏನು ಮಾಡಿದ್ದಾರೆ ಅಂತ ನೋಡಿದ್ರೆ ನಿಯಮ ಬದಲಾದಂಗೆಲ್ಲ ಯಂತ್ರ ಹೇಗೆ ಬದಲಾಗುತ್ತೆ ಅನ್ನೋದು ಇನ್ನೂ ಚೆನ್ನಾಗಿ ಕಾಣುತ್ತೆ. ಗುಜರಾತಲ್ಲಿ 2003ರಿಂದ ಜ್ಯೋತಿಗ್ರಾಮ ಅಂತ ಮಾಡಿ ಊರಿನ ಲೈನು, ತೋಟದ ಲೈನು ಬೇರೆ ಮಾಡಿದ್ರು, ಊರಿಗೆ 24 ಗಂಟೆ, ತೋಟಕ್ಕೆ 8 ಗಂಟೆ ಗಟ್ಟಿ ತ್ರೀಫೇಸ್. ನಮ್ಮಲ್ಲೂ ನಿರಂತರ ಜ್ಯೋತಿ ಅಂತ ಫೀಡರ್, ಅಂದ್ರೆ ಸಬ್‌ಸ್ಟೇಷನ್ನಿಂದ ಹೊರಡೋ ಲೈನು, ಬೇರೆ ಮಾಡೋ ಕೆಲ್ಸ ಆಯ್ತು, ಊರಲ್ಲಿ ರಾತ್ರಿ ಮಕ್ಕಳು ಓದೋಕೆ ಅನುಕೂಲ ಆಗಿದ್ದು ಸುಳ್ಳಲ್ಲ, ತೋಟದ ಟೈಮ್ ಮಾತ್ರ ಗಟ್ಟಿ ಆಗ್ಲಿಲ್ಲ. ತೆಲಂಗಾಣದವ್ರು 2018ರ ಜನವರಿ 1ರಿಂದ ತೋಟಕ್ಕೂ 24 ಗಂಟೆ ಉಚಿತ ಕರೆಂಟ್ ಅಂದ್ರು, ಆಮೇಲೆ ದಯವಿಟ್ಟು ಆಟೋ ಸ್ಟಾರ್ಟರ್ ತೆಗೀರಿ ಅಂತ ಊರೂರಿಗೆ ಹೋಗಿ ಅಭಿಯಾನ ಮಾಡ್ಬೇಕಾಯ್ತು, ಯಾಕಂದ್ರೆ ಹಳೇ ನಿಯಮಕ್ಕೆ ಅಂತ ಹಾಕಿದ ಸ್ಟಾರ್ಟರ್ ಹೊಸ ನಿಯಮದಲ್ಲಿ ಹಗಲೂ ರಾತ್ರಿ ನೀರೆತ್ತೋಕೆ ಶುರು ಮಾಡ್ತು. ಪಶ್ಚಿಮ ಬಂಗಾಳ 2007ರಿಂದ ಪಂಪ್‌ಸೆಟ್‌ಗೆ ಮೀಟರ್ ಹಾಕಿ, ದಿನದ ಹೊತ್ತಿಗೆ ತಕ್ಕಂಗೆ ಬೇರೆ ಬೇರೆ ರೇಟ್ ಇಟ್ಟಿತು. ನಮ್ಮ ಕಡೆ ಮೀಟರ್ ಅಂದ್ರೆ ಸಾಕು, ನಾಳೆ ಬಿಲ್ ಹಾಕ್ತಾರೆ ಅಂತ ಜನ ಎದ್ದು ನಿಲ್ತಾರೆ. ರೈತ ಸಂಘದ ಕಾಲದಿಂದ ಬಂದ ಭಯ ಅದು, ಅದನ್ನ ಬೈಯೋಕೆ ನನಗೆ ಮನಸ್ಸಿಲ್ಲ, ಕೊಟ್ಟ ಮಾತು ಉಳಿಸ್ಕೊಳ್ಳದ ಆದೇಶಗಳನ್ನ ಅವ್ರು ತುಂಬಾ ನೋಡಿದ್ದಾರೆ. ಆರ್‌ಆರ್ ನಂಬರಿಗೆ, ಅಂದ್ರೆ ಕರೆಂಟ್ ಕನೆಕ್ಷನ್ನಿನ ನಂಬರಿಗೆ, ಆಧಾರ್ ಜೋಡಿಸಿ ಅಂದಾಗ್ಲೂ ನಮ್ಮೂರಲ್ಲಿ ಇದೇ ಗುಸುಗುಸು.

ನನಗೆ ಇಷ್ಟವಾಗಿದ್ದು ಪಂಜಾಬಿಂದು. ಅಲ್ಲಿ 2018ರಲ್ಲಿ ನೀರು ಉಳಿಸಿ ದುಡ್ಡು ಗಳಿಸಿ ಅನ್ನೋ ಅರ್ಥದ ಯೋಜನೆ ಶುರು ಮಾಡಿದ್ರು. ಕರೆಂಟ್ ಉಚಿತವಾಗೇ ಇರುತ್ತೆ, ಆದ್ರೆ ನಿಮ್ಮ ಮೋಟ್ರಿಗೆ ಇಷ್ಟು ಯೂನಿಟ್ ಅಂತ ಒಂದು ಮಿತಿ, ಅದಕ್ಕಿಂತ ಕಮ್ಮಿ ಬಳಸಿದ್ರೆ ಉಳಿಸಿದ ಒಂದೊಂದು ಯೂನಿಟ್‌ಗೂ 4 ರೂಪಾಯಿ ನಿಮ್ಮ ಅಕೌಂಟಿಗೆ. ಇಲ್ಲಿ ಮೀಟರ್ ಅನ್ನೋದು ರೈತನಿಂದ ಕಿತ್ಕೊಳ್ಳೋ ಸಾಮಾನಲ್ಲ, ರೈತನಿಗೆ ದುಡ್ಡು ತರೋ ಸಾಮಾನು. ನಮ್ಮ ಮೋಟ್ರಿನ ಲೆಕ್ಕಕ್ಕೇ ಹಾಕಿ ನೋಡಿದೆ, ಕಾಲು ಭಾಗ ಉಳಿಸಿದ್ರೆ ವರ್ಷಕ್ಕೆ 6 ಸಾವಿರ ಚಿಲ್ಲರೆ ಕೈಗೆ ಬರುತ್ತೆ. ಆವಾಗ ವೈಂಡಿಂಗ್ ಅಂಗಡಿಯವ್ರು ಅದೇ ಪ್ರಶ್ನೆ ಕೇಳಿದ್ರೆ ನಮ್ಮಪ್ಪ ಒಂದು ನಿಮಿಷ ಯೋಚ್ನೆ ಮಾಡ್ತಿದ್ರು, ಅಷ್ಟಂತೂ ಗ್ಯಾರಂಟಿ.

ಈಗ ಎಲ್ಲರ ಬಾಯಲ್ಲೂ ಸೋಲಾರ್. ಇದು ಹೊಸ ಮಾತೇನಲ್ಲ, ಮಳವಳ್ಳಿ ದಾಟಿ ಆಚೆ ಕನಕಪುರ ತಾಲ್ಲೂಕಿನ ಹಾರೋಬೆಲೆಲಿ ಹತ್ತು ವರ್ಷದ ಹಿಂದೆನೇ ಸೂರ್ಯ ರೈತ ಅಂತ ಯೋಜನೆ ಬಂದಿತ್ತು, ತೋಟದ ಪಂಪಿಗೆ ಸೋಲಾರ್ ಹಾಕಿ ಮಿಕ್ಕಿದ ಕರೆಂಟನ್ನ ಗ್ರಿಡ್ಡಿಗೆ ಮಾರೋದು. ಅದು ರಾಜ್ಯದ ತುಂಬ ಹಬ್ಬಲಿಲ್ಲ. 2019ರಲ್ಲಿ ರೈತರಿಗೆ ಅಂತ ಕೇಂದ್ರದ ಕುಸುಮ್ ಅನ್ನೋ ಸೋಲಾರ್ ಯೋಜನೆ ಬಂತು, ಅದರಲ್ಲಿ ಎರಡು ದಾರಿ ನಮಗೆ ಮುಖ್ಯ. ಒಂದು, ಲೈನ್ ಇಲ್ಲದ ತೋಟಕ್ಕೆ ಬೇರೆ ಸೋಲಾರ್ ಪಂಪ್. ಟಿಸಿಯಿಂದ 500 ಮೀಟರ್ ಆಚೆ ಹೊಸ ಬೋರ್ ಕೊರೆಸಿದ್ರೆ ಈಗ ಸೋಲಾರಿಗೇ ಹೋಗಿ ಅಂತಿದ್ದಾರೆ. ಇನ್ನೊಂದು, ಸಬ್‌ಸ್ಟೇಷನ್ ಹತ್ರ ಸೋಲಾರ್ ಪ್ಲಾಂಟ್ ಹಾಕಿ ಇಡೀ ತೋಟದ ಫೀಡರ್‌ಗೆ ಹಗಲು ಹೊತ್ತೇ ಕರೆಂಟ್ ಕೊಡೋದು. ಈ ಎರಡನೇದು ಸರಿಯಾಗಿ ಆದ್ರೆ ನಾನು ಮೇಲೆ ಹೇಳಿದ ಬಹಳಷ್ಟು ಸಂಕಟ ಬಗೆಹರಿಯುತ್ತೆ, ಬಿಸಿಲಿರೋ ಹೊತ್ತೇ ಕರೆಂಟಿನ ಹೊತ್ತು ಅಂದ್ರೆ ಟೈಮ್ ಬದಲಾಯಿಸೋಕೆ ಯಾರಿಗೂ ಆಗಲ್ಲ. ಹಗಲು ಆಳು ಸಿಗ್ತಾರೆ, ಹೆಂಗಸರೂ ನೀರು ಕಟ್ಬಹುದು, ಆಟೋ ಸ್ಟಾರ್ಟರ್‌ಗೆ ಕೆಲ್ಸಾನೇ ಇಲ್ಲ. ಹಾಗಾಗಿ ನಾನು ಫೀಡರ್ ಸೋಲಾರಿನ ಪರ. ಒಂಟಿ ಸೋಲಾರ್ ಪಂಪಿನ ಬಗ್ಗೆ ನನಗೆ ಅಷ್ಟು ಧೈರ್ಯ ಇಲ್ಲ, ಬಿಸಿಲಿರೋವರೆಗೂ ನೀರೆತ್ತು ಅಂತ ಯಂತ್ರ ಹೇಳ್ತಾ ಇರುತ್ತೆ, ಮಿಕ್ಕಿದ್ದನ್ನ ಮಾರೋ ದಾರಿ ಇಲ್ಲ, ಈಗಾಗ್ಲೇ ಸಾವಿರ ಅಡಿಗೆ ಹೋಗಿರೋ ನಾಗಮಂಗಲದ ಬೋರುಗಳು ಅದನ್ನ ಎಷ್ಟು ವರ್ಷ ತಡೀತವೆ?

ಆದ್ರೆ ಇಲ್ಲೂ ಒಂದು ಸಣ್ಣ ಷರತ್ತು ಯಾರ ಕಣ್ಣಿಗೂ ಬೀಳದೆ ಕೂತಿದೆ. ಹೋದ ತಿಂಗಳು ಅದೇ ವೈಂಡಿಂಗ್ ಅಂಗಡಿಗೆ ಹೋಗಿದ್ದೆ, ಸುಮ್ನೆ ಮಾತಾಡ್ಸೋಕೆ. ಅವ್ರ ಮೇಜಿನ ಮೇಲೆ ಒಂದು ಸೋಲಾರ್ ಪಂಪಿನ ಕಂಟ್ರೋಲರ್ ಬಿಚ್ಚಿ ಹರಡಿತ್ತು. ಪಕ್ಕದ ತಾಲ್ಲೂಕಿನ ರೈತರೊಬ್ರು ತಂದಿದ್ದಂತೆ, ಕಂಪನಿಗೆ ಫೋನ್ ಮಾಡಿ ಮಾಡಿ ಸಾಕಾಗಿ. ಯೋಜನೆ ಪ್ರಕಾರ ಐದು ವರ್ಷ ಕಂಪನಿಯೋರೇ ರಿಪೇರಿ ಮಾಡ್ಬೇಕು, ಒಳ್ಳೇ ನಿಯಮಾನೇ, ರೈತನ ರಕ್ಷಣೆಗೆ ಅಂತ ಬರ್ದಿದ್ದು. ಆದ್ರೆ ಬೇರೆಯವ್ರು ಮುಟ್ಟಿದ್ರೆ ವಾರಂಟಿ ಇಲ್ಲ, ಸರ್ಕ್ಯೂಟ್ ಡಯಾಗ್ರಾಂ ಯಾರಿಗೂ ಕೊಟ್ಟಿಲ್ಲ, ಬೋರ್ಡಿನ ಮೇಲೆ ಕಪ್ಪು ಗಟ್ಟಿ ಅಂಟು ಸುರಿದು ಯಾವ ಐಸಿ (ಚಿಪ್) ಅಂತ ಓದೋಕೂ ಆಗದಂಗೆ ಮಾಡಿದ್ದಾರೆ. ಅವ್ರು ಆ ಅಂಟನ್ನ ಸಣ್ಣ ಬ್ಲೇಡಲ್ಲಿ ಕೆರೀತಾ ಕೂತಿದ್ರು. "ಮೂವತ್ತು ವರ್ಷ ಎಂತೆಂಥಾ ಮೋಟ್ರು ಸುತ್ತಿದೀನಿ ಕಣಣ್ಣ, ಯಾವ ಕಂಪ್ನಿಯೋನೂ ಹಿಂಗೆ ಬಾಯಿಗೆ ಬೀಗ ಹಾಕಿರ್ಲಿಲ್ಲ. ಐದು ವರ್ಸ ಆದ್ಮೇಲೆ ಇದ್ನ ಯಾರ್ ನೋಡವ್ರು?"

ಅವ್ರ ಕಡೆ ಇರೋ ಇಬ್ರು ಹುಡುಗ್ರು ಐಟಿಐ ಮಾಡಿದವ್ರು. ಡಯಾಗ್ರಾಂ ಕೊಟ್ರೆ ವಾರದಲ್ಲಿ ಕಲಿತ್ಕೋತಾರೆ, ಮೊಬೈಲ್ ಸ್ಟಾರ್ಟರ್ ಕಲ್ತಿದ್ದೂ ಹಾಗೇ. ಮಂಡ್ಯ, ಮದ್ದೂರು, ಮೈಸೂರಿನ ವೈಂಡಿಂಗ್ ಅಂಗಡಿಗಳಲ್ಲಿ ಇರೋ ಕೈಗೆಲಸಾನ ಒಂದೇ ಸಲ ಮೂಲೆಗೆ ಹಾಕೋದೋ, ಹೊಸ ಕೆಲ್ಸಕ್ಕೆ ದಾಟಿಸೋದೋ ಅನ್ನೋದು ಟೆಂಡರಿನ ಷರತ್ತಲ್ಲಿ ತೀರ್ಮಾನ ಆಗುತ್ತೆ. ಕಂಟ್ರೋಲರಿನ ಸರ್ಕ್ಯೂಟ್ ಡಯಾಗ್ರಾಂ ಕೊಡ್ಬೇಕು, ತಾಲ್ಲೂಕಿಗೆ ಒಂದು ಕಡೆ ಬಿಡಿಭಾಗ ಸಿಗಬೇಕು, ಸ್ಥಳೀಯ ಮೆಕಾನಿಕ್‌ಗೆ ತರಬೇತಿ ಕೊಟ್ರೆ ಅವ್ರು ಮಾಡಿದ ರಿಪೇರಿಗೂ ವಾರಂಟಿ ಉಳೀಬೇಕು. ಇಷ್ಟನ್ನ ಸೇರಿಸೋಕೆ ಸರ್ಕಾರಕ್ಕೆ ಜಾಸ್ತಿ ಖರ್ಚಿಲ್ಲ. ನಮ್ಮೂರ ಗ್ರಾಮಸಭೇಲಿ ಫೀಡರ್ ಸೋಲಾರ್ ವಿಷಯ ಬಂದ್ರೆ ನಾನು ಕೇಳ್ಬೇಕು ಅಂತ ಬರ್ಕೊಂಡಿರೋ ಮೊದಲನೇ ಪ್ರಶ್ನೆ, ಹಗಲು ಎಷ್ಟರಿಂದ ಎಷ್ಟರವರೆಗೆ ಅಂತ ಲಿಖಿತವಾಗಿ ಕೊಡ್ತೀರಾ ಅನ್ನೋದು. ಎರಡನೇದು ಈ ಡಯಾಗ್ರಾಮ್ದು. ನಾನು ಹೊರಡೋ ಹೊತ್ತಿಗೆ ಅವ್ರು ಅರ್ಧ ಅಂಟು ಕೆರೆದಿದ್ರು, ಒಂದು ಐಸಿ ಮೇಲಿನ ನಂಬರ್ ಕಾಣಿಸ್ತಿತ್ತು, ಹುಡುಗ ಒಬ್ಬ ಫೋನಿನ ಟಾರ್ಚ್ ಹಿಡಿದು ಅದನ್ನ ಒಂದು ಬೀಡಿ ಕಟ್ಟಿನ ಕಾಗದದ ಮೇಲೆ ಬರ್ಕೋತಾ ಇದ್ದ.